ಮುಂದಿನ ಸೀಟಿನವರು ಗೇರು ಹಿಡಿಯಬೇಕು

ಬೆಳಕು ಇನ್ನೂ ಗುಡ್ಡದ ಆಚೆಗೇ ಇದೆ. ಮೇಲಿನ ಊರಿನ ಕೊನೆಯ ಮನೆಯ ಮುಂದೆ ಹಳೆಯ ಕಾರೊಂದು ಕೆಮ್ಮಿ, ಸುಮ್ಮನಾಗಿ, ಮತ್ತೆ ಕೆಮ್ಮಿ ಕೊನೆಗೆ ಉಸಿರು ಹಿಡಿಯುತ್ತದೆ. ಮುಂದಿನ ಗಾಜಿನ ಮೇಲಿನ ಇಬ್ಬನಿಯನ್ನು ಗಂಡನ ಹಳೆಯ ಅಂಗಿಯ ತುಂಡಿನಿಂದ ಒರೆಸುತ್ತಿರುವ ಹೆಂಗಸು ತಲೆ ಎತ್ತದೆಯೇ ಕೇಳುತ್ತಾರೆ: "ಇವತ್ತು ಮುಂದೆ ಯಾರು? ಕೂತೋರು ಗೇರು ಹಿಡೀಬೇಕು. ಆಮೇಲೆ ಕೈ ನೋವು ಅನ್ನಬಾರದು."

ಮುಂದೆ ಕೂರುವವರು ಗಾರೆ ತಾತ. ಬದುಕಿಡೀ ಕಂಡವರ ಮನೆಗೆ ಗೋಡೆ ಕಟ್ಟಿದವರು. ಈಗ ಮೂತ್ರಪಿಂಡ ಕೈಕೊಟ್ಟಿದೆ. ಸೋಮವಾರ ಮತ್ತು ಗುರುವಾರ ಕೆಳಗಿನ ಪೇಟೆಯ ಆಸ್ಪತ್ರೆಗೆ ಹೋಗಿ ಯಂತ್ರಕ್ಕೆ ತೋಳು ಚಾಚಿ ರಕ್ತ ತೊಳೆಸಿಕೊಂಡು ಬರುತ್ತಾರೆ. ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಎಡಗೈಯನ್ನು ಶಾಲಿನೊಳಗೆ ಮುಚ್ಚಿ ಮಡಿಲಲ್ಲಿಟ್ಟುಕೊಳ್ಳುತ್ತಾರೆ. ಬಲಗೈಯನ್ನು, ಯಾರೂ ಹೇಳುವ ಮೊದಲೇ, ಗೇರಿನ ಗುಂಡಿನ ಮೇಲೆ ಇಡುತ್ತಾರೆ. ಅವರಂತೆಯೇ ರಕ್ತ ತೊಳೆಸಿಕೊಳ್ಳಲು ಹೊರಟ ಹೊಲಿಗೆಯಮ್ಮ, ಬೆಳಗಿನ ಪಾಳಿಯ ನರ್ಸು ಹಿಂದೆ ಒತ್ತಿಕೊಂಡು ಕೂರುತ್ತಾರೆ.

ಊರು ದಾಟಿದೊಡನೆ ಇಳಿಜಾರು. ಎರಡನೇ ಗೇರಿನಲ್ಲಿ ಇಳಿದರೆ ಇಂಜಿನ್ನು ಕಿರುಚಿ ಕಾಯುತ್ತದೆ. ನಾಲ್ಕನೆಯದರಲ್ಲಿ ಬಿಟ್ಟರೆ ಬ್ರೇಕು ಸುಡುತ್ತದೆ. ಇಳಿಯಲು ಉಳಿದದ್ದು ಮೂರನೆಯದೊಂದೇ, ಆ ಮೂರನೆಯದೇ ನಿಲ್ಲುವುದಿಲ್ಲ. ಎಕ್ಸಲರೇಟರಿನಿಂದ ಕಾಲು ತೆಗೆದರೆ ಸಾಕು, 'ಟಕ್' ಎಂದು ಗೇರು ಜಾರಿ, ಗಾಡಿ ಹಗ್ಗ ಬಿಚ್ಚಿದ ಕರುವಿನಂತೆ ಓಡತೊಡಗುತ್ತದೆ. ಚಾಲಕಿಯ ಎರಡೂ ಕೈ ತಿರುವುಗಳಿಗೇ ಬೇಕು. ಆದ್ದರಿಂದ ಕೆಳಗಿನ ಸೇತುವೆ ಬರುವವರೆಗೂ ಮುಂದಿನ ಸೀಟಿನವರು ಗೇರನ್ನು ಅದುಮಿ ಹಿಡಿದಿರಬೇಕು. ಈ ಗಾಡಿಯ ಕಟ್ಟಳೆ ಅದು.

"ತಾತಾ, ಬಿಗಿ."

"ಬಿಗಿಯಾಗೇ ಇದೆ ಕಣಮ್ಮ. ನನ್ನ ಹೆಂಡ್ತಿ ಕೈಯನ್ನೂ ಇಷ್ಟು ಹೊತ್ತು ಹಿಡಿದಿಲ್ಲ."

"ಅದಕ್ಕೇ ಅಜ್ಜಿ ನಿಮ್ ಜೊತೆ ಪೇಟೆಗೆ ಬರಲ್ಲ ಅನ್ನೋದು," ಎನ್ನುತ್ತಾರೆ ಹಿಂದಿನಿಂದ ಹೊಲಿಗೆಯಮ್ಮ.

ಎಲ್ಲರೂ ನಗುತ್ತಾರೆ. ಆದರೆ ಇದು ನಗುವ ಸಂಗತಿಯಲ್ಲ. ರಕ್ತ ತೊಳೆಸಿಕೊಳ್ಳಲು ಹೊರಟ ಮುದುಕರೊಬ್ಬರು ತಮ್ಮನ್ನು ಹೊತ್ತೊಯ್ಯುವ ಗಾಡಿಯ ಗೇರನ್ನು ತಾವೇ ಹಿಡಿದು ಕೂರಬೇಕಾಗಿದೆ. ಇದಕ್ಕೆ ನಾಚಬೇಕಾದವರು ಯಾರೂ ಈ ಗಾಡಿಯಲ್ಲಿ ಇಲ್ಲ. ಅವರು ಈ ಹೊತ್ತಿಗೆ ಎದ್ದಿರುವುದೂ ಇಲ್ಲ. ಮೇಲಿನ ಊರಿಗೆ ಮೊದಲು ಬಸ್ಸಿತ್ತು. ರಸ್ತೆ ಸರಿಯಿಲ್ಲವೆಂದು ಬಸ್ಸು ನಿಲ್ಲಿಸಿದರು. ಈಗ ರಸ್ತೆ ಕೇಳಲು ಹೋದರೆ, ಬಸ್ಸೇ ಓಡದ ದಾರಿಗೆ ರಸ್ತೆ ಯಾಕೆ ಎನ್ನುತ್ತಾರೆ. ಈ ಎರಡು ಮಾತಿನ ನಡುವೆ ಇಡೀ ಊರು ಸಿಕ್ಕಿಕೊಂಡಿದೆ. ಅದನ್ನು ಎಳೆದು ದಡ ಸೇರಿಸುತ್ತಿರುವುದು ಈ ಮುದಿ ಕಾರು ಮತ್ತು ಅದರ ಒಡತಿ.

ಕಾರನ್ನು ಊರವರು 'ದೊಡ್ಡತ್ತೆ' ಎನ್ನುತ್ತಾರೆ. ಎಲ್ಲದಕ್ಕೂ ಗೊಣಗುತ್ತದೆ, ಆದರೆ ಯಾರನ್ನೂ ನಡುದಾರಿಯಲ್ಲಿ ಬಿಟ್ಟಿಲ್ಲ. ಒಡತಿಯನ್ನು 'ಗಾಡಿಯಕ್ಕ' ಎನ್ನುತ್ತಾರೆ. ಮೊದಲು ಗಾಡಿ ಓಡಿಸುತ್ತಿದ್ದವರು ಅವರ ಗಂಡ. ಒಂದು ಕಣ್ಣು ಪೂರ್ತಿ ಮಂಜಾಗಿ, ಇನ್ನೊಂದು ಅದರ ಹಿಂದೆ ಹೊರಟಾಗ, ಒಣಗಿದ ಕೆರೆಯಂಗಳದಲ್ಲಿ ಹೆಂಡತಿಯನ್ನು ಕೂರಿಸಿ ಓಡಿಸಲು ಕಲಿಸಿದರು. ಈಗ ಮನೆಯ ಒಲೆ ಅವರದು, ರಸ್ತೆ ಇವರದು. "ಅವರು ಸಾರಿಗೆ ಉಪ್ಪು ಜಾಸ್ತಿ ಹಾಕ್ತಾರೆ, ನಾನು ಬ್ರೇಕು ಜಾಸ್ತಿ ಹಾಕ್ತೀನಿ. ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳಲ್ಲ," ಎಂದು ಗಾಡಿಯಕ್ಕ ನಗುತ್ತಾರೆ.

ಗಂಡ ಸ್ಟೇರಿಂಗು ಬಿಟ್ಟುಕೊಟ್ಟ ಆ ತಿಂಗಳಲ್ಲೇ ಕಾರಿನ ಗೇರುಪೆಟ್ಟಿಗೆಯನ್ನು ಪೇಟೆಯ ಗ್ಯಾರೇಜೊಂದರಲ್ಲಿ ಬಿಚ್ಚಿ ಕೂಡಿಸಿದ್ದರು. ಗಾಡಿ ಅಲ್ಲಿಂದ ಬಂದದ್ದು ಗಾಡಿಯಕ್ಕನ ಕೈಗೆ. ಮೊದಲ ಇಳಿಜಾರಿನಲ್ಲೇ ಮೂರನೇ ಗೇರು ಜಾರಿತು. ಮರಳಿ ಹೋಗಿ ಹೇಳಿದರೆ ಗ್ಯಾರೇಜಿನ ಯಜಮಾನ ಒಂದು ಸುತ್ತು ಓಡಿಸಿಯೂ ನೋಡಲಿಲ್ಲ. ಅಲ್ಲಿದ್ದ ಗಂಡಸರೆಲ್ಲರ ಎದುರಿಗೆ ಗಾದೆ ಹೇಳಿದ: "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನಿಮ್ಮ ಯಜಮಾನ್ರು ಓಡಿಸುವಾಗ ಜಾರ್ತಿತ್ತಾ? ಇಲ್ಲ ತಾನೇ? ಹಾಗಾದ್ರೆ ಗೇರಿಂದಲ್ಲ ತಪ್ಪು, ಕೈಯದು."

ಆ ಮಾತು ಊರಿಗೆ ಗಾಡಿಗಿಂತ ಮೊದಲೇ ತಲುಪಿತು. ಗಂಡನೂ ಅದನ್ನೇ ನಂಬಿದರು. "ನಿನ್ನ ಕೈ ಗೇರನ್ನ ಪೂರ್ತಿ ಒಳಗೆ ತಳ್ಳಲ್ಲ," ಎಂದರು. ಗಾಡಿಯಕ್ಕ ತಳ್ಳಿದರು. ಇನ್ನೂ ಜೋರಾಗಿ ತಳ್ಳಿದರು. ಅಂಗೈಯಲ್ಲಿ ಗುಂಡಿನ ಗಾತ್ರದ ಜಡ್ಡು ಬಿತ್ತೇ ಹೊರತು ಗೇರು ನಿಲ್ಲಲಿಲ್ಲ. ಬರಬರುತ್ತಾ ಅವರೂ ನಂಬಿದರು. ಒಬ್ಬ ಹೆಂಗಸು ದಿನಕ್ಕೆರಡು ಸಲ ಗುಡ್ಡ ಹತ್ತಿ ಇಳಿಯುತ್ತಾ, ವರ್ಷಗಟ್ಟಲೆ, ತನ್ನ ಕೈಯೇ ಸರಿಯಿಲ್ಲವೆಂದು ನಂಬಿಕೊಂಡು ಬದುಕಿದ್ದಾರೆ. ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ.

ಇನ್ನೊಂದು ಅವಮಾನ ಕಾಗದದ್ದು. ಹಳೆಯ ಕಾರುಗಳ ಬಗ್ಗೆ ಬರೆಯುವ ಪತ್ರಿಕೆಯವರು ಒಮ್ಮೆ ಗುಡ್ಡ ಹತ್ತಿ ಬಂದರು. ದೊಡ್ಡತ್ತೆಯ ದೀಪ, ಚಕ್ರ, ಬಾಗಿಲಿನ ಹಿಡಿ ಎಲ್ಲದರ ಚಿತ್ರ ತೆಗೆದುಕೊಂಡರು. "ಸ್ವಲ್ಪ ಸರೀತೀರಾ ಅಮ್ಮ?" ಎಂದರು. ಅಚ್ಚಾದ ಪುಟವನ್ನು ಗಾಡಿಯಕ್ಕ ಈಗಲೂ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಅಪರೂಪದ ಹಳೆಯ ಕಾರು ಇಂದಿಗೂ ಓಡುತ್ತಿದೆ ಎಂದು ಬರೆದಿದ್ದರು, ತಾನೇ ತಾನಾಗಿ ಓಡುತ್ತಿರುವಂತೆ. ಚಿತ್ರದ ಅಂಚಿನಲ್ಲಿ ಕಂದು ಬಣ್ಣದ ಏನೋ ಒಂದಿದೆ. "ಅದು ನನ್ನ ಮೊಣಕೈ," ಎಂದು ತೋರಿಸುತ್ತಾರೆ. "ಅಷ್ಟಾದ್ರೂ ಬಂತಲ್ಲ."

ಆ ಚಿತ್ರ ನೋಡಿಯೇ ಪೇಟೆಯ ಹಳೆ ಕಾರು ಪ್ರಿಯರ ಸಂಘದವರು ಫೋನು ಮಾಡಿದ್ದು. ಶನಿವಾರ, ಭಾನುವಾರ ಗೇರುಪೆಟ್ಟಿಗೆ ಬಿಚ್ಚಿ ಕೂಡಿಸುವುದನ್ನು ಕೈಯಾರೆ ಕಲಿಸುವ ಶಿಬಿರವಂತೆ. ಬಾಗಿಲಲ್ಲಿ ಅಲಂಕಾರಕ್ಕೆ ನಿಲ್ಲಿಸಲು ದೊಡ್ಡತ್ತೆ ಬೇಕಂತೆ. ಗಾಡಿಯಕ್ಕ ಒಂದೇ ಮಾತು ಹೇಳಿದರು: "ಗಾಡಿ ಬಾಗಿಲಲ್ಲಿ ನಿಲ್ಲಲ್ಲ, ಒಳಗೆ ಬರತ್ತೆ. ಅದರ ಗೇರುಪೆಟ್ಟಿಗೆ ಬೆಂಚಿನ ಮೇಲೆ ಬರತ್ತೆ. ಬೆಂಚಿನ ಮುಂದೆ ನಾನಿರ್ತೀನಿ. ಆಗತ್ತಾ?" ಆ ಕಡೆಯವರು ಪಕ್ಕದವರನ್ನು ಕೇಳಿಕೊಂಡರು. ಆಮೇಲೆ ಆಗತ್ತೆ ಎಂದರು.

ಆದರೆ ಒಂದು ಗಂಟು ಉಳಿಯಿತು. ಸೋಮವಾರ ಬೆಳಿಗ್ಗೆ ಗಾರೆ ತಾತ, ಹೊಲಿಗೆಯಮ್ಮ ಆಸ್ಪತ್ರೆಯ ಯಂತ್ರದ ಮುಂದಿರಲೇಬೇಕು. ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಭಾನುವಾರ ಸಂಜೆಯೊಳಗೆ ಪೆಟ್ಟಿಗೆ ಮುಚ್ಚಿ, ಗಾಡಿಗೆ ಕೂಡಿಸಿ, ಮನೆ ಸೇರಬೇಕು. "ಆಗತ್ತೆ ಬಿಡಿ," ಎಂದರು ಸಂಘದವರು, ಕೇಳಿಸಿಕೊಂಡರೋ ಇಲ್ಲವೋ.

ಶಿಬಿರ ನಡೆಯುವುದು ಹಳೆಯ ಧಾನ್ಯದ ಗೋದಾಮಿನಲ್ಲಿ. ಉದ್ದಕ್ಕೆ ಮರದ ಬೆಂಚುಗಳು, ಒಂದೊಂದರ ಮೇಲೆ ಒಂದೊಂದು ಗೇರುಪೆಟ್ಟಿಗೆ, ಒಬ್ಬೊಬ್ಬ ಕಲಿಯುವವರು. ಹೆಚ್ಚಿನವರು ಪೇಟೆಯ ಉಳ್ಳವರು. ಇಸ್ತ್ರಿ ಮಾಡಿದ ಹೊಸ ಮೇಲಂಗಿ ತೊಟ್ಟು ಬಂದಿದ್ದಾರೆ. ಕಲಿಸುವವರು ಬಸ್ ಡಿಪೋದಿಂದ ನಿವೃತ್ತರಾದ ಮೇಷ್ಟ್ರು. ಗಾಡಿಯಕ್ಕನಿಗೆ ಸಿಕ್ಕಿದ್ದು ಮೂಲೆಯ ಬೆಂಚು, ಸೀಮೆಎಣ್ಣೆಯ ತೊಟ್ಟಿಯ ಪಕ್ಕ. ತೊಟ್ಟಿಯ ಪಕ್ಕ ಹೆಂಗಸು ನಿಂತಿದ್ದಾರೆಂದ ಮೇಲೆ ಕೇಳಬೇಕೇ? ಬಂದವರೆಲ್ಲ ತಮ್ಮ ಜಿಡ್ಡು ಹಿಡಿದ ಗೇರುಗಳ ತಟ್ಟೆಯನ್ನು ಅವರ ಮುಂದಿಟ್ಟು ಹೋಗುತ್ತಾರೆ. ಎರಡು ತಟ್ಟೆ ತೊಳೆದುಕೊಟ್ಟ ಮೇಲೆ ಗಾಡಿಯಕ್ಕ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾರೆ.

"ಎಲ್ಲರ ಮನೆ ಪಾತ್ರೆನೂ ಬಂತಾ, ಇನ್ನೂ ಯಾರದಾದ್ರೂ ಇದೆಯಾ?"

ಮೇಷ್ಟ್ರು ಮೀಸೆಯಡಿ ನಗುತ್ತಾರೆ. ಮಿಕ್ಕವರು ನಗುವುದಿಲ್ಲ. ಬಂದು ತಮ್ಮ ತಮ್ಮ ತಟ್ಟೆ ಎತ್ತಿಕೊಂಡು ಹೋಗುತ್ತಾರೆ.

ಶನಿವಾರ ಬಿಚ್ಚುವ ದಿನ. ಮೇಷ್ಟ್ರು ಹೇಳಿದ ಹಾಗೆ ಗಾಡಿಯಕ್ಕ ಒಂದೊಂದನ್ನೇ ಬಿಚ್ಚಿ, ಇದ್ದ ಕ್ರಮದಲ್ಲೇ, ಬಟ್ಟೆಯ ಮೇಲೆ ಬೇರೆ ಬೇರೆ ಬಟ್ಟಲುಗಳಲ್ಲಿ ಇಡುತ್ತಾರೆ. ಕಣ್ಣಿಗೆ ಎದ್ದು ಕಾಣುವ ತಪ್ಪೇನೂ ಸಿಗುವುದಿಲ್ಲ. ಹಲ್ಲುಗಳು ಸವೆದಿವೆ, ಮುರಿದಿಲ್ಲ. "ಹಾಗಾದ್ರೆ ತಪ್ಪು ಕೈಯದೇ ಇರಬೇಕು," ಎಂದು ಮೆಲ್ಲಗೆ ತಮಗೇ ಹೇಳಿಕೊಳ್ಳುತ್ತಾರೆ.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಕೈತಟ್ಟಿ ಹೇಳುತ್ತಾರೆ: "ಎಲ್ಲರೂ ಒಂದೊಂದು ಬೆಂಚು ಎಡಕ್ಕೆ ಸರೀರಿ." ಇಲ್ಲಿನ ಪದ್ಧತಿ ಅದು. ಬಿಚ್ಚಿದವರು ಬೇರೆ, ಮುಚ್ಚುವವರು ಬೇರೆ. ಗಾಡಿಯಕ್ಕನ ಪಾಲಿಗೆ ಪಕ್ಕದ ಬೆಂಚಿನ ಒಡವೆ ಅಂಗಡಿಯವರ ಪೆಟ್ಟಿಗೆ ಬರುತ್ತದೆ. ಮೂಲೆಯದೇ ಕೊನೆಯ ಬೆಂಚು, ಅಲ್ಲಿನದನ್ನು ಮೊದಲ ಬೆಂಚಿನವರು ಮುಚ್ಚಬೇಕಿತ್ತು. ಅವರು ಬಂದಿಲ್ಲವಾದ್ದರಿಂದ ದೊಡ್ಡತ್ತೆಯ ಪೆಟ್ಟಿಗೆಯೂ ಪಕ್ಕದ ಒಡವೆ ಅಂಗಡಿಯವರಿಗೇ ಬೀಳುತ್ತದೆ. ಅವರ ಮನೆಯಲ್ಲಿ ಮೂರು ಹಳೆಯ ಕಾರುಗಳಿವೆ, ಮೂರೂ ಮುಸುಕು ಹೊದ್ದು ಮಲಗಿವೆ.

ಗಾಡಿಯಕ್ಕ ಸಿಡಿಯುತ್ತಾರೆ. "ಇದೇನು ಮೇಷ್ಟ್ರೇ, ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋದಾ? ನಂದರಲ್ಲಿ ಜನ ಕೂರ್ತಾರೆ."

"ಕೂತ್ಕೊಳಮ್ಮ, ಕೇಳು. ಬಿಚ್ಚಿದವರು ನೆನಪಿಂದ ಮುಚ್ತಾರೆ. ಹಿಂದಿನವನು ತಪ್ಪು ಮಾಡಿದ್ರೆ ಅದನ್ನೂ ನೆನಪಿಟ್ಟುಕೊಂಡು ಹಾಗೇ ಹಾಕ್ತಾರೆ. ಬೇರೆಯವರಿಗೆ ನೆನಪಿಲ್ಲ, ಕಣ್ಣಲ್ಲಿ ನೋಡೇ ಹಾಕಬೇಕು. ಡಿಪೋದಲ್ಲಿ ನಾನು ಕಲಿತದ್ದು ಹಾಗೇ."

ಮಾತು ಸರಿಯಾಗಿಯೇ ಇದೆ. ಗಾಡಿಯಕ್ಕ ತುಟಿ ಬಿಗಿದುಕೊಂಡು ಒಡವೆ ಅಂಗಡಿಯವರ ಪೆಟ್ಟಿಗೆಗೆ ಕೈ ಹಾಕುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅದನ್ನು ಮುಚ್ಚಿಯೂ ಬಿಡುತ್ತಾರೆ. ತಲೆಯೆತ್ತಿ ನೋಡಿದರೆ ತಮ್ಮ ಬೆಂಚಿನ ಮುಂದೆ ಯಾರೂ ಇಲ್ಲ. ದೊಡ್ಡತ್ತೆಯ ಕರುಳೆಲ್ಲ ಬಟ್ಟೆಯ ಮೇಲೆ ಹರಡಿಕೊಂಡೇ ಇದೆ. ಒಡವೆ ಅಂಗಡಿಯವರಿಗೆ ನೆಂಟರ ಮನೆಯಲ್ಲಿ ಊಟವಂತೆ, ಹೋಗಿಬಿಟ್ಟರಂತೆ.

ಸಂಘದ ಕಾರ್ಯದರ್ಶಿ ಸಮಾಧಾನ ಹೇಳಲು ಬರುತ್ತಾರೆ. "ಇದು ಹವ್ಯಾಸಕ್ಕೆ ಮಾಡೋ ಶಿಬಿರ ಅಮ್ಮ. ಯಾರಿಗೂ ಒತ್ತಾಯ ಮಾಡೋಕಾಗಲ್ಲ. ಮುಂದಿನ ಶಿಬಿರದಲ್ಲಿ ಮುಗಿಸಿಕೊಡೋಣ."

"ನಿಮಗಿದು ಹವ್ಯಾಸ ಸ್ವಾಮಿ. ನನಗಿದು ಸೋಮವಾರ."

ಮೇಷ್ಟ್ರು ತೋಳು ಮಡಿಸುತ್ತಾರೆ. "ಬಿಡಮ್ಮ, ನಾನೇ ಮುಚ್ಚಿಕೊಡ್ತೀನಿ."

"ನೀವು ಮುಚ್ಚಿದ್ರೆ ಗೇರು ಸರಿಹೋಗತ್ತೆ, ಇವರು ಸರಿಹೋಗಲ್ಲ. ಯಾರ ಪಾಲಿಗೆ ಬಂತೋ ಅವರೇ ಬಂದು ಮುಗಿಸಲಿ," ಎಂದ ಗಾಡಿಯಕ್ಕ, ಅಲ್ಲಿಯವರೆಗೆ ಯಾರೂ ಮಾಡದ ಕೆಲಸ ಮಾಡುತ್ತಾರೆ. ಒಡವೆ ಅಂಗಡಿಯವರ ಪೆಟ್ಟಿಗೆಯನ್ನು ಬೆಂಚಿನಿಂದ ನೆಲಕ್ಕಿಳಿಸಿ, ಕಾವು ಕೊಡಲು ಕೂತ ಕೋಳಿಯ ಹಾಗೆ ಅದರ ಮೇಲೆ ಕೂತುಬಿಡುತ್ತಾರೆ.

ಪೆಟ್ಟಿಗೆ ಒಯ್ಯಲು ಬಂದ ಡ್ರೈವರ್ ಮೊದಲು ಕೈಮುಗಿಯುತ್ತಾನೆ, ಆಮೇಲೆ ಗದರುತ್ತಾನೆ, ಕೊನೆಗೆ ಫೋನು ತೆಗೆಯುತ್ತಾನೆ. "ಸರ್, ಪೆಟ್ಟಿಗೆ ರೆಡಿ ಇದೆ. ಆದ್ರೆ ಅದರ ಮೇಲೆ ಒಬ್ರು ಕೂತಿದ್ದಾರೆ... ಇಲ್ಲ ಸರ್, ಎದ್ದೇಳ್ತಿಲ್ಲ... ಹೆಂಗಸರು ಸರ್, ಹೆಂಗೆ ಎತ್ತೋದು?"

ಕಾಯುವ ಹೊತ್ತು ಉದ್ದ. ಸುಮ್ಮನೆ ಕೂತು ರೂಢಿಯಿಲ್ಲದ ಗಾಡಿಯಕ್ಕ ಎದ್ದು ಪಕ್ಕಕ್ಕೆ ಮಂಡಿಯೂರಿ, ಪೆಟ್ಟಿಗೆಯ ಹೊರಚಾಚಿದ ದಂಡವನ್ನು ಹಿಡಿದು ತಿರುಗಿಸುತ್ತಾರೆ. ಮತ್ತೆ ತಿರುಗಿಸುತ್ತಾರೆ. ಹುಬ್ಬು ಗಂಟಿಕ್ಕುತ್ತದೆ. ಒಂದು ಕಡೆ ಬಂದಾಗ ದಂಡ ಬಿಗಿಯುತ್ತಿದೆ. ಬೇರೆ ಯಾರಿಗೂ ಗೊತ್ತಾಗಿಲ್ಲ. ಮುಚ್ಚಳದ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚತೊಡಗುತ್ತಾರೆ.

"ಯಾಕಮ್ಮ?" ಎಂದು ಮೇಷ್ಟ್ರು ಓಡಿಬರುತ್ತಾರೆ.

"ತಳದ ಗೇರಿನ ಹಿತ್ತಾಳೆ ವಾಷರು ಉಲ್ಟಾ ಹಾಕಿದೀನಿ ಅನ್ಸತ್ತೆ. ಎಣ್ಣೆ ಹರಿಯೋ ಗೀರು ಗೇರಿನ ಕಡೆ ಬರಬೇಕಿತ್ತು. ಪೆಟ್ಟಿಗೆ ಗೋಡೆ ಕಡೆಗೆ ಹೋಗಿದೆ."

"ಯಾರೂ ನೋಡಿಲ್ಲವಲ್ಲ, ಅವರು ಹೇಗೂ ಗಾಡಿ ಓಡಿಸಲ್ಲ," ಎನ್ನುತ್ತಾರೆ ಕಾರ್ಯದರ್ಶಿ. ಗಾಡಿಯಕ್ಕ ಮುಂದಿನ ಬೋಲ್ಟಿಗೆ ಕೈ ಹಾಕುತ್ತಾರೆ.

ಬಿಸಿಲು ಗೋದಾಮಿನ ಹಿಂಬಾಗಿಲಿಗೆ ಬಂದಾಗ ಒಡವೆ ಅಂಗಡಿಯವರು, ಊಟದ ಮನೆಯ ರೇಷ್ಮೆ ಅಂಗಿಯಲ್ಲೇ, ಕೆಂಪು ಮುಖ ಹೊತ್ತು ಬರುತ್ತಾರೆ. ಬೈಯಲೆಂದೇ ಬಂದವರು ತಮ್ಮ ಪೆಟ್ಟಿಗೆ ಮತ್ತೆ ಬಿಚ್ಚಿ ಹರಡಿರುವುದನ್ನು ನೋಡಿ ಬಾಯಿ ತೆರೆದು ನಿಲ್ಲುತ್ತಾರೆ.

"ಇದೇನಮ್ಮ, ಸೇಡಾ?"

"ಸೇಡಲ್ಲ. ನಿಮ್ಮದನ್ನ ತಪ್ಪಾಗಿ ಮುಚ್ಚಿದ್ದೆ. ಸರಿಯಾಗಿ ಮುಚ್ತಿದೀನಿ. ನೀವು ನಂದನ್ನ ಮುಚ್ಚೇ ಇಲ್ಲ. ನಾಳೆ ಬೆಳಿಗ್ಗೆ ಇಬ್ಬರು ಆಸ್ಪತ್ರೇಲಿ ಇರಬೇಕು. ಅವರ ರಕ್ತ ನಿಮ್ಮ ಊಟ ಮುಗಿಯೋವರೆಗೂ ಕಾಯಲ್ಲ."

ಒಡವೆ ಅಂಗಡಿಯವರು ಕೈಗಡಿಯಾರ ಬಿಚ್ಚಿ ಜೇಬಿಗಿಡುತ್ತಾರೆ. ಆಮೇಲೆ ರೇಷ್ಮೆ ಅಂಗಿಯ ತೋಳು ಮಡಿಸಿ, ಮೂಲೆಯ ಬೆಂಚಿಗೆ ಹೋಗಿ ನಿಲ್ಲುತ್ತಾರೆ. ನಿಜ ಹೇಳಬೇಕು, ಆ ಮನುಷ್ಯನ ಬೆರಳು ಕೆಲಸದ ಬೆರಳು. ಗುಂಡುಪಿನ್ನಿನಷ್ಟು ಸಣ್ಣ ಉಕ್ಕಿನ ಕಡ್ಡಿಗಳನ್ನು ಗ್ರೀಸಿನಲ್ಲಿ ಅಂಟಿಸಿ, ಹರಳು ಕೂರಿಸಿದಂತೆ ಸಾಲಾಗಿ ಕೂರಿಸುತ್ತಾರೆ. ಕೊನೆಗೆ ಬಟ್ಟಲುಗಳಲ್ಲಿದ್ದ ಮೂರು ಪುಟ್ಟ ಸ್ಪ್ರಿಂಗುಗಳನ್ನು ಅಂಗೈಗೆ ಸುರಿದುಕೊಂಡು, ಬೆಳಕಿಗೆ ಹಿಡಿಯುತ್ತಾರೆ.

"ಮೇಷ್ಟ್ರೇ, ಇವು ಮೂರೂ ಒಂದೇ ಅಳತೆ ಇರಬೇಕಲ್ವಾ?"

ಮೇಷ್ಟ್ರು ಕನ್ನಡಕ ಏರಿಸುತ್ತಾರೆ. ಮೂರರಲ್ಲಿ ಒಂದು, ಕೂದಲೆಳೆಯಷ್ಟಲ್ಲ, ಉಗುರಿನಷ್ಟು ಗಿಡ್ಡ. ಒಂದು ತುದಿ ನುಣುಪಾಗಿಲ್ಲ, ಇಕ್ಕಳದಲ್ಲಿ ಕತ್ತರಿಸಿದ ಗುರುತಿದೆ. ಬೇರೆ ಯಾವುದೋ ಯಂತ್ರದ ಸ್ಪ್ರಿಂಗನ್ನು ತುಂಡರಿಸಿ ಯಾರೋ ತುರುಕಿದ್ದಾರೆ. ಗೇರನ್ನು ಅದರ ಕುಳಿಯಲ್ಲಿ ಹಿಡಿದು ನಿಲ್ಲಿಸುವುದು ಒಂದು ಉಕ್ಕಿನ ಗುಂಡು. ಆ ಗುಂಡನ್ನು ಒತ್ತಿ ಹಿಡಿಯುವುದು ಈ ಸ್ಪ್ರಿಂಗು. ಗಿಡ್ಡ ಸ್ಪ್ರಿಂಗಿಗೆ ಒತ್ತುವ ಬಲವಿಲ್ಲ.

"ಇದು ಯಾವ ಗೇರಿಂದು?" ಎಂದು ಗಾಡಿಯಕ್ಕ ಕೇಳುತ್ತಾರೆ. ಕೇಳುವಾಗಲೇ ಅವರಿಗೆ ಗೊತ್ತಿದೆ.

"ಮೂರು, ನಾಲ್ಕರದ್ದು," ಎನ್ನುತ್ತಾರೆ ಮೇಷ್ಟ್ರು. "ನಿನ್ನ ಕೈಲೇನೂ ಇಲ್ಲಮ್ಮ ತಪ್ಪು. ದೇವರೇ ಬಂದು ಓಡಿಸಿದ್ರೂ ಜಾರ್ತಿತ್ತು."

ಗಾಡಿಯಕ್ಕ ಜಡ್ಡುಗಟ್ಟಿದ ಅಂಗೈಯನ್ನು ತಿರುವಿ ನೋಡಿಕೊಳ್ಳುತ್ತಾರೆ. ತಾವೇ ಮುಚ್ಚಿದ್ದರೆ ಆ ಗಿಡ್ಡ ಸ್ಪ್ರಿಂಗನ್ನು ನೆನಪಿಟ್ಟು ಅದರ ಜಾಗಕ್ಕೇ ಹಾಕಿಬಿಡುತ್ತಿದ್ದರು. ಸರಿಯಾದ ಸ್ಪ್ರಿಂಗು ಹುಡುಕಿಕೊಂಡು ಅಲೆಯುವುದು ಕಷ್ಟದ ಕೆಲಸ. ಹೆಂಗಸಿನ ಕೈಯನ್ನು ದೂರುವುದು ಸುಲಭ. ಪೇಟೆಯ ಗ್ಯಾರೇಜಿನವನು ಸುಲಭದ್ದನ್ನು ಆರಿಸಿಕೊಂಡ, ಮೇಲೊಂದು ಗಾದೆಯನ್ನೂ ಹೇರಿ ಕಳಿಸಿದ. ಊರಿಗೆ ಊರೇ ಅವನ ಮಾತನ್ನು ನಂಬಿತು. ಯಾಕೆಂದರೆ ಅವನು ಗಂಡಸು, ಗ್ಯಾರೇಜು ಅವನದು. ಆ ಸ್ಪ್ರಿಂಗಿನ ಕೆಲಸವನ್ನು ಇಷ್ಟು ವರ್ಷ ಒಬ್ಬ ರೋಗಿಯ ಕೈ ಮಾಡಿಕೊಂಡು ಬಂತು.

ಮೇಷ್ಟ್ರು ತಮ್ಮ ಹಳೆಯ ಡಬ್ಬಿಯಲ್ಲಿ ತಡಕಿ ಸರಿ ಅಳತೆಯದೊಂದನ್ನು ಕೊಡುತ್ತಾರೆ. ಒಡವೆ ಅಂಗಡಿಯವರು ಅದನ್ನು ಕೂರಿಸುತ್ತಾರೆ. ಗಾಡಿಯ ಅಡಿ ಮಲಗಿ ಪೆಟ್ಟಿಗೆ ಎತ್ತಿಕೊಡುವಾಗ ಅವರ ರೇಷ್ಮೆ ಅಂಗಿಗೆ ಕರಿ ಮೆತ್ತಿಕೊಳ್ಳುತ್ತದೆ. "ನಿಮ್ಮ ಮನೆಯವರು ಬೈತಾರೆ," ಎಂದು ಗಾಡಿಯಕ್ಕ ಎಚ್ಚರಿಸುತ್ತಾರೆ. "ಬೈಲಿ ಬಿಡಿ, ನೀವು ಬೈದಷ್ಟು ಬೈಯಲ್ಲ," ಎಂಬ ಉತ್ತರ ಗಾಡಿಯ ಅಡಿಯಿಂದ ಬರುತ್ತದೆ.

ಗಾಡಿ ಮನೆ ಮುಟ್ಟಿದಾಗ ಗಂಡ ಬಾಗಿಲಲ್ಲೇ ಇದ್ದಾರೆ. ಗಾಡಿಯಕ್ಕ ಅವರ ಅಂಗೈ ಬಿಡಿಸಿ ಗಿಡ್ಡ ಸ್ಪ್ರಿಂಗನ್ನು ಇಡುತ್ತಾರೆ. ಅವರು ಹೆಬ್ಬೆರಳಿನಿಂದ ತಡವಿ ನೋಡುತ್ತಾರೆ.

"ಏನಿದು?"

"ನನ್ನ ಕೈ."

ಅರ್ಥವಾಗುವುದಿಲ್ಲ. ವಿವರಿಸಿ ಹೇಳಿದ ಮೇಲೆ ಬಹಳ ಹೊತ್ತು ಕತ್ತರಿಸಿದ ತುದಿಯ ಮೇಲೆಯೇ ಬೆರಳಾಡಿಸುತ್ತಾ ನಿಲ್ಲುತ್ತಾರೆ. "ಹಾಗಾದ್ರೆ ನೆಲಾನೇ ಡೊಂಕಿತ್ತು," ಎಂದು ಒಳಗೆ ಹೋಗಿ, ಹೆಂಡತಿಯ ಕೈ ತೊಳೆಯಲು ನೀರು ಕಾಯಿಸಲಿಡುತ್ತಾರೆ. ತಪ್ಪಾಯಿತು ಎನ್ನುವುದು ಆ ಮನೆಯಲ್ಲಿ ರೂಢಿಯಿಲ್ಲ, ಬಿಸಿನೀರು ಕೊಡುವುದಿದೆ.

ಸೋಮವಾರ. ಅದೇ ಇಬ್ಬನಿ, ಅದೇ ಕೆಮ್ಮು. ಗಾರೆ ತಾತ ಮುಂದೆ ಕೂತು ಎಡಗೈಯನ್ನು ಶಾಲಿಗೆ ಸೇರಿಸಿ, ಬಲಗೈಯನ್ನು ಗೇರಿನ ಮೇಲಿಡುತ್ತಾರೆ.

"ತಾತಾ, ಕೈ ತೆಗೀರಿ."

"ಇರ್ಲಿ ಬಿಡಮ್ಮ. ಯಾಕೆ ಸುಮ್ನೆ ಪರೀಕ್ಷೆ?"

"ತೆಗೀರಿ ಅಂದೆ."

ತಾತ ಕೈ ಎತ್ತುತ್ತಾರೆ, ಆದರೆ ಪೂರ್ತಿ ತೆಗೆಯುವುದಿಲ್ಲ. ಮಲಗಿದ ಮಗು ಎಲ್ಲಿ ಎದ್ದೀತೋ ಎಂಬಂತೆ ಗುಂಡಿನ ಮೇಲೆಯೇ ತುಸು ಎತ್ತರದಲ್ಲಿ ಹಿಡಿದಿರುತ್ತಾರೆ. ಇಳಿಜಾರು ಬರುತ್ತದೆ. ಗಾಡಿಯಕ್ಕ ಮೂರನೇ ಗೇರಿಗೆ ಹಾಕಿ ಎಕ್ಸಲರೇಟರಿನಿಂದ ಕಾಲು ತೆಗೆಯುತ್ತಾರೆ. ಹಿಂದಿನಿಂದ ಹೊಲಿಗೆಯಮ್ಮ ಮುಂದಿನ ಸೀಟಿನ ಬೆನ್ನನ್ನು ಹಿಡಿದುಕೊಳ್ಳುತ್ತಾರೆ. ದೊಡ್ಡತ್ತೆ ಗೊಣಗುತ್ತಾ ಮೊದಲ ತಿರುವು ಇಳಿಯುತ್ತದೆ, ಎರಡನೆಯದನ್ನೂ ಇಳಿಯುತ್ತದೆ. 'ಟಕ್' ಎನ್ನುವುದಿಲ್ಲ. ಮೂರನೆಯ ತಿರುವಿನ ಹೊತ್ತಿಗೆ ತಾತ ಬಲಗೈಯನ್ನೂ ಶಾಲಿನೊಳಗೆ ಎಳೆದುಕೊಳ್ಳುತ್ತಾರೆ.

ಇನ್ನೇನಾದರೂ ಆಸೆಯಿದೆಯೇ ಎಂದು ಕೇಳಿದರೆ ಗಾಡಿಯಕ್ಕ ರಸ್ತೆಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ: "ರಸ್ತೆ ಮಾಡಿಸಿ ಅಂತ ಬರೀರಿ. ಬಸ್ಸು ಬಿಡಿ ಅಂತ ಬರೀರಿ. ಮಾಡ್ತಾರೋ ಬಿಡ್ತಾರೋ. ನನಗಿಷ್ಟೇ, ಇನ್ನು ಮೇಲೆ ಮುಂದಿನ ಸೀಟಲ್ಲಿ ಕೂತೋರು ಆರಾಮಾಗಿ ಕೂತು, ಹೊರಗೆ ನೋಡ್ಕೊಂಡು ಬರಲಿ."

"ಹೊರಗೆ ನೋಡೋಕೆ ಏನಿದೆಯಮ್ಮ?" ಎನ್ನುತ್ತಾರೆ ತಾತ.

"ನನಗೇನು ಗೊತ್ತು ತಾತ, ನಾನು ಯಾವತ್ತು ನೋಡಿದೀನಿ? ನೀವೇ ನೋಡಿ ಹೇಳಿ."